ಸಿಕೋಯಾ ಹಾಕಿದ್ಮೇಲೆ ಕೀಚೈನ್ ಆಕ್ಸೆಸ್ ಎಲ್ಲಿ ಹೋಯ್ತು? ನಾನು ಹುಡುಕಿದ್ದು ಹೀಗೆ

ಮ್ಯಾಕ್‌ಓಎಸ್ 15 ಅಂದ್ರೆ ಸಿಕೋಯಾಗೆ ಅಪ್‌ಡೇಟ್ ಮಾಡಿದವರು ಯುಟಿಲಿಟೀಸ್ ಫೋಲ್ಡರ್ ತೆಗೆದು ನೋಡಿ, ಟರ್ಮಿನಲ್ ಇದೆ, ಡಿಸ್ಕ್ ಯುಟಿಲಿಟಿ ಇದೆ, ಆಕ್ಟಿವಿಟಿ ಮಾನಿಟರ್ ಇದೆ, ಪಾಸ್‌ವರ್ಡು, ಸರ್ಟಿಫಿಕೇಟು, ಕೀ ಎಲ್ಲಾ ಇಟ್ಕೊಳೋ ಹಳೇ ಆಪ್ ಕೀಚೈನ್ ಆಕ್ಸೆಸ್ ಮಾತ್ರ ಕಾಣಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಈ ವರ್ಷನ್ ಬಂದಾಗ ಜೊತೆಗೇ ಪಾಸ್‌ವರ್ಡ್ಸ್ ಅನ್ನೋ ಹೊಸ ಆಪ್ ಬಂತು, ಹಳೇದನ್ನ ಒಳಗೆಲ್ಲೋ ಎತ್ತಿಟ್ರು. ತುಂಬಾ ಜನ ಅದನ್ನ ತೆಗೆದೇ ಹಾಕಿದಾರೆ ಅಂದ್ಕೊಂಡಿದಾರೆ. ತೆಗೆದಿಲ್ಲ, ಪೂರ್ತಿ ಹಾಗೇ ಇದೆ, ಮೊದಲಿನ ಥರಾನೇ ಕೆಲಸ ಮಾಡತ್ತೆ.

ನಾನು ಇಲ್ಲಿ ಬೆಂಗಳೂರಲ್ಲಿ ಐಫೋನ್ ಆಪ್ ಬರೆಯೋ ಕೆಲಸ ಮಾಡೋನು, ಜಯನಗರದಲ್ಲಿ ಚಿಕ್ಕ ಆಫೀಸು. ನಮ್ಮಂಥವರಿಗೆ ಕೀಚೈನ್ ಆಕ್ಸೆಸ್ ಇಲ್ದೆ ನಡೆಯಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಹುಡುಕೋದು.

ಸುಲಭದ ದಾರಿ ಸ್ಪಾಟ್‌ಲೈಟ್. ಕಮಾಂಡ್ ಸ್ಪೇಸ್ ಒತ್ತಿ ಕೀಚೈನ್ ಅಂತ ಟೈಪ್ ಮಾಡಿದ್ರೆ ಬಂದ್ಬಿಡತ್ತೆ. ಓಪನ್ ಮಾಡಿದಾಗ ಪಾಸ್‌ವರ್ಡ್ಸ್ ಆಪ್ ತೆಗೀಲಾ ಇಲ್ಲ ಕೀಚೈನ್ ಆಕ್ಸೆಸ್ಸೇ ಬೇಕಾ ಅಂತ ಒಂದು ಡಬ್ಬಿ ಕೇಳತ್ತೆ, ಅಲ್ಲಿ ಕೀಚೈನ್ ಆಕ್ಸೆಸ್ ಒತ್ತಿ, ಆಯ್ತು. ಇಷ್ಟೇ ಸಾಕು ಅನ್ನೋರು ಇಲ್ಲಿಗೇ ನಿಲ್ಲಿಸ್ಬಹುದು. ನಂಗೆ ಮಾತ್ರ ಫೈಲ್ ನಿಜವಾಗ್ಲೂ ಎಲ್ಲಿ ಕೂತಿದೆ ಅಂತ ನೋಡ್ದೆ ಇದ್ರೆ ಸಮಾಧಾನ ಆಗಲ್ಲ, ಸೋ ಫೈಂಡರ್‌ನಲ್ಲಿ ಶಿಫ್ಟ್ ಕಮಾಂಡ್ ಜಿ ಒತ್ತಿ ದಾರಿ ಹಿಡಿದೆ: ಸಿಸ್ಟಂ ಫೋಲ್ಡರ್, ಅದರೊಳಗೆ ಲೈಬ್ರರಿ, ಅದರೊಳಗೆ ಕೋರ್‌ಸರ್ವಿಸಸ್, ಅದರೊಳಗೆ ಅಪ್ಲಿಕೇಷನ್ಸ್. ಅಲ್ಲಿ ಆರ್ಕೈವ್ ಯುಟಿಲಿಟಿ, ಡೈರೆಕ್ಟರಿ ಯುಟಿಲಿಟಿ, ವೈರ್‌ಲೆಸ್ ಡಯಾಗ್ನಾಸ್ಟಿಕ್ಸ್ ಎಲ್ಲದರ ಪಕ್ಕ ಇದೂ ಇದೆ. ಅಲ್ಲಿಂದ ಡಾಕ್‌ಗೆ ಎಳೆದು ಬಿಟ್ಕೊಂಡೆ, ಈಗ ಒಂದೇ ಕ್ಲಿಕ್. ಗಮನಿಸಿ, ಆಪ್‌ನ ಆ ಫೋಲ್ಡರಿಂದ ಹೊರಗೆ ಸರಿಸೋಕೆ ಹೋಗ್ಬೇಡಿ, ಅದು ಸಿಸ್ಟಂ ಜಾಗ, ಬಿಡೋದೂ ಇಲ್ಲ.

ಈಗ ಎರಡು ಆಪ್ ಯಾಕೆ ಅನ್ನೋ ಪ್ರಶ್ನೆ. ನಾನು ಎರಡನ್ನೂ ಬಳಸಿ ನೋಡಿ ಕಂಡ್ಕೊಂಡಿದ್ದು ಇಷ್ಟು, ಮನುಷ್ಯರು ಟೈಪ್ ಮಾಡೋ ಪಾಸ್‌ವರ್ಡ್ ಎಲ್ಲಾ ಹೊಸ ಆಪ್‌ಗೆ, ಮಷೀನು ಬಳಸೋ ಸರ್ಟಿಫಿಕೇಟು ಕೀ ಇತ್ಯಾದಿ ಹಳೇದಕ್ಕೆ. ಕೀಚೈನ್ ಅನ್ನೋದು 1999ರ ಮ್ಯಾಕ್ ಓಎಸ್ 9 ಕಾಲದಲ್ಲೂ ಇತ್ತು, 2013ರಲ್ಲಿ ಐಕ್ಲೌಡ್ ಕೀಚೈನ್ ಬಂತು, ಆಮೇಲೆ ಪಾಸ್‌ವರ್ಡ್ ನೋಡೋಕೆ ಸಫಾರಿ ಒಳಗೆ ಒಂದು ಜಾಗ, ಸೆಟ್ಟಿಂಗ್ಸ್ ಒಳಗೆ ಒಂದು ಜಾಗ ಅಂತ ಚೆಲ್ಲಾಪಿಲ್ಲಿ ಆಗಿತ್ತು. ಈಗ ಅದೆಲ್ಲಾ ಒಂದು ಕಡೆ ಬಂದಿರೋದು ಒಳ್ಳೇದೇ.

ಪಾಸ್‌ವರ್ಡ್ಸ್ ಆಪ್ ಬಗ್ಗೆ ಜಾಸ್ತಿ ಹೇಳಲ್ಲ, ತೆಗೆದ್ರೆ ಅರ್ಥ ಆಗತ್ತೆ. ನಂಗೆ ಹಿಡಿಸಿದ್ದು ವೈಫೈ ವಿಭಾಗ. ಮನೆಗೆ ನೆಂಟರು ಬಂದಾಗ ನೆಟ್‌ವರ್ಕ್ ಹೆಸರು ಆರಿಸಿ ಕ್ಯೂಆರ್ ಕೋಡ್ ತೋರಿಸಿದ್ರೆ ಸಾಕು, ಅವರು ಫೋನ್ ಹಿಡಿದ್ರೆ ಕನೆಕ್ಟ್ ಆಗತ್ತೆ, ಕ್ಯಾಪಿಟಲ್ಲಾ ಸ್ಮಾಲಾ ಅಂತ ಕೂಗಿ ಹೇಳೋ ಕಷ್ಟ ಇಲ್ಲ. ಇನ್ನೊಂದು ಶೇರ್ಡ್ ಗ್ರೂಪ್. ಬೆಸ್ಕಾಂ, ನೀರಿನ ಬಿಲ್ಲು, ಒಟಿಟಿ ಲಾಗಿನ್ ಎಲ್ಲಾ ಒಂದು ಗ್ರೂಪಿಗೆ ಹಾಕಿ ಹೆಂಡತಿನ ಸೇರಿಸಿದೀನಿ, ನಾನು ಪಾಸ್‌ವರ್ಡ್ ಬದಲಾಯಿಸಿದ್ರೆ ಅವಳ ಫೋನಲ್ಲೂ ಬದಲಾಗತ್ತೆ. ಓಟಿಪಿ ಥರದ ಆರು ಅಂಕಿ ವೆರಿಫಿಕೇಷನ್ ಕೋಡೂ ಅದರಲ್ಲೇ ಇಟ್ಕೋಬಹುದು.

ಆದ್ರೆ ಹೊಸ ಆಪ್‌ನಲ್ಲಿ ಕಾಣದೇ ಇರೋದು ಒಂದಿದೆ, ಸೆಕ್ಯೂರ್ ನೋಟ್ಸ್. ಇದು ನಂಗೆ ಗೊತ್ತಾಗಿದ್ದು ನಮ್ಮ ಮಾವನವರಿಂದ. ಬಸವನಗುಡಿಯಲ್ಲಿದಾರೆ, ರಿಟೈರ್ ಆಗಿದಾರೆ, ಹಳೇ ಮ್ಯಾಕ್‌ಬುಕ್‌ನ ಕಾಲದಿಂದ್ಲೂ ಲಾಕರ್ ನಂಬರು, ಪಾಲಿಸಿ ನಂಬರು, ಪೆನ್ಷನ್ ವಿವರ ಎಲ್ಲಾ ಕೀಚೈನ್‌ನ ಸೆಕ್ಯೂರ್ ನೋಟ್‌ನಲ್ಲಿ ಬರೆದಿಟ್ಟೋರು. ಅಪ್‌ಡೇಟ್ ಆದ್ಮೇಲೆ ಫೋನ್ ಮಾಡಿ "ನನ್ನ ಬರಹ ಎಲ್ಲಾ ಹೋಯ್ತಲ್ಲಪ್ಪ, ಹೊಸ ಆಪ್‌ನಲ್ಲಿ ಒಂದೂ ಇಲ್ಲ" ಅಂದ್ರು. "ಹೋಗಿರಲ್ಲ ಮಾವ, ಭಾನುವಾರ ಬರ್ತೀನಿ, ಅಲ್ಲೀವರೆಗೂ ಏನೂ ಡಿಲೀಟ್ ಮಾಡ್ಬೇಡಿ" ಅಂದೆ. ಹೋಗಿ ಕೀಚೈನ್ ಆಕ್ಸೆಸ್ ತೆಗೆದು ಎಡಗಡೆ ಲಾಗಿನ್ ಆರಿಸಿ ಮೇಲೆ ಸೆಕ್ಯೂರ್ ನೋಟ್ಸ್ ಒತ್ತಿದ್ರೆ ಒಂದೂ ಬಿಡದೆ ಎಲ್ಲಾ ಇತ್ತು. ಒಂದರ ಮೇಲೆ ಡಬಲ್ ಕ್ಲಿಕ್ ಮಾಡಿ ಕೆಳಗಿರೋ ಶೋ ನೋಟ್‌ಗೆ ಟಿಕ್ ಹಾಕಿದ್ರೆ ಮ್ಯಾಕ್‌ನ ಪಾಸ್‌ವರ್ಡ್ ಕೇಳತ್ತೆ, ಕೊಟ್ರೆ ಬರಹ ಕಾಣತ್ತೆ. ಅವರ ಮುಂದೇನೇ ಒಂದೊಂದಾಗಿ ಕಾಪಿ ಮಾಡಿ ನೋಟ್ಸ್ ಆಪ್‌ಗೆ ಹಾಕಿ ಅಲ್ಲಿ ಲಾಕ್ ಮಾಡಿಕೊಟ್ಟೆ, ಯಾಕಂದ್ರೆ ಅಲ್ಲಾದ್ರೆ ಐಫೋನಲ್ಲೂ ಓದಬಹುದು. ಹಳೇದನ್ನ ಅಳಿಸೋಕೆ ಅವರು ಒಪ್ಪಲಿಲ್ಲ, ಇರಲಿ ಬಿಡು ಅಂದ್ರು. ಇದೆ ಹಾಗೇ.

ಸರಿ, ನನ್ನ ಕೆಲಸಕ್ಕೆ ಬರೋಣ. ಆಪಲ್ ಡೆವಲಪರ್ ಸರ್ಟಿಫಿಕೇಟ್, ಅಂದ್ರೆ ಈ ಆಪ್ ಬರೆದಿದ್ದು ನಾವೇ ಅಂತ ತೋರಿಸೋ ಗುರುತು, ತಗೋಬೇಕಂದ್ರೆ ಮೊದಲು ರಿಕ್ವೆಸ್ಟ್ ಫೈಲ್ ಬೇಕು, ಸಿಎಸ್ಆರ್ (ಸರ್ಟಿಫಿಕೇಟ್ ಸೈನಿಂಗ್ ರಿಕ್ವೆಸ್ಟ್) ಅಂತೀವಿ. ಕೀಚೈನ್ ಆಕ್ಸೆಸ್‌ನ ಮೆನುವಿನಲ್ಲಿ ಸರ್ಟಿಫಿಕೇಟ್ ಅಸಿಸ್ಟೆಂಟ್, ಅದರಲ್ಲಿ ರಿಕ್ವೆಸ್ಟ್ ಎ ಸರ್ಟಿಫಿಕೇಟ್ ಅಂತ ಶುರುವಾಗೋ ಸಾಲು ಆರಿಸಿ, ಇಮೇಲ್ ಹೆಸರು ಹಾಕಿ, ಸಿಎ (ಸರ್ಟಿಫಿಕೇಟ್ ಕೊಡೋ ಸಂಸ್ಥೆ) ಇಮೇಲ್ ಜಾಗ ಖಾಲಿ ಬಿಟ್ಟು, ಸೇವ್ಡ್ ಟು ಡಿಸ್ಕ್ ಅಂತ ಕೊಡ್ಬೇಕು. ಆ ಕ್ಷಣದಲ್ಲಿ ಎರಡು ಕೀ ಹುಟ್ಟತ್ತೆ, ಪಬ್ಲಿಕ್ ಕೀ ಮಾತ್ರ ಆ ಫೈಲ್ ಜೊತೆ ಹೋಗತ್ತೆ, ಸೈನ್ ಮಾಡೋಕೆ ಬೇಕಾದ ಪ್ರೈವೇಟ್ ಕೀ ನೀವಾಗಿ ಎಕ್ಸ್‌ಪೋರ್ಟ್ ಮಾಡದೆ ನಿಮ್ಮ ಮ್ಯಾಕ್ ಬಿಟ್ಟು ಹೋಗಲ್ಲ. ಫೈಲ್‌ನ ಡೆವಲಪರ್ ಪೋರ್ಟಲ್‌ಗೆ ಹಾಕಿ, ಬಂದ ಸರ್ಟಿಫಿಕೇಟ್ ಡಬಲ್ ಕ್ಲಿಕ್ ಮಾಡಿದ್ರೆ ಮೈ ಸರ್ಟಿಫಿಕೇಟ್ಸ್ ಒಳಗೆ ಕೂರತ್ತೆ.

ಇಲ್ಲಿ ಒಂದು ಸಣ್ಣ ಗುರುತು ನೋಡ್ಬೇಕು. ಸರ್ಟಿಫಿಕೇಟ್ ಹೆಸರಿನ ಎಡಕ್ಕೆ ಪುಟ್ಟ ಬಾಣ ಇದ್ಯಾ, ಒತ್ತಿದ್ರೆ ಕೆಳಗೆ ಕೀ ಚಿತ್ರ ಬರತ್ತಾ ಅಂತ. ಬಂದ್ರೆ ಎಲ್ಲಾ ಸರಿ. ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಸರ್ಟಿಫಿಕೇಟ್ ಇದ್ರೂ ಬಿಲ್ಡ್ (ತಯಾರಾದ ಆಪ್) ಸೈನ್ ಆಗ್ತಿಲ್ಲ ಅಣ್ಣ ಅಂತ ಬಂದ, ನೋಡಿದ್ರೆ ಬಾಣಾನೇ ಇಲ್ಲ, ಅಂದ್ರೆ ಪ್ರೈವೇಟ್ ಕೀ ಬೇರೆ ಮ್ಯಾಕ್‌ನಲ್ಲಿದೆ. ಆ ಮ್ಯಾಕ್‌ನಲ್ಲಿ ಬಾಣ ಇರೋ ಸರ್ಟಿಫಿಕೇಟ್ ಆರಿಸಿ ಎಕ್ಸ್‌ಪೋರ್ಟ್ ಕೊಟ್ಟು ಸರ್ಟಿಫಿಕೇಟು ಪ್ರೈವೇಟ್ ಕೀ ಎರಡೂ ಸೇರಿರೋ ಪಿ12 ಫೈಲ್ ಮಾಡಿ, ಅದಕ್ಕೊಂದು ಪಾಸ್‌ವರ್ಡ್ ಹಾಕಿ ಇವನಿಗೆ ಕೊಟ್ಟೆ, ಡಬಲ್ ಕ್ಲಿಕ್ ಮಾಡಿದ ತಕ್ಷಣ ಬಾಣ ಬಂತು, ಬಿಲ್ಡೂ ಆಯ್ತು. ಪಿ12 ಫೈಲ್ ವಾಟ್ಸಾಪ್ ಗ್ರೂಪಿಗೆ ಹಾಕೋರನ್ನೂ ನೋಡಿದೀನಿ, ದಯವಿಟ್ಟು ಬೇಡ, ಪೆನ್ ಡ್ರೈವಲ್ಲಿ ಕೊಡಿ, ಪಾಸ್‌ವರ್ಡ್ ಬಾಯಲ್ಲಿ ಹೇಳಿ.

ಇನ್ನೊಂದು ತೊಂದರೆ ಆಗಾಗ ಬರತ್ತೆ. ಮ್ಯಾಕ್‌ನ ಲಾಗಿನ್ ಪಾಸ್‌ವರ್ಡ್ ರಿಸೆಟ್ ಆದ್ರೆ ಲಾಗಿನ್ ಕೀಚೈನ್‌ಗೆ ಹಳೇ ಪಾಸ್‌ವರ್ಡ್ಡೇ ಉಳ್ಕೊಳತ್ತೆ, ಆಗ ಮಾತುಮಾತಿಗೂ ಪಾಸ್‌ವರ್ಡ್ ಕೇಳೋ ಡಬ್ಬಿ ಬರ್ತಾನೇ ಇರತ್ತೆ. ಹಳೇದು ನೆನಪಿದ್ರೆ ಎಡಿಟ್ ಮೆನುವಿನಲ್ಲಿ ಚೇಂಜ್ ಪಾಸ್‌ವರ್ಡ್ ಫಾರ್ ಕೀಚೈನ್ ಲಾಗಿನ್ ಅಂತಿದೆ, ಅಲ್ಲಿ ಹಳೇದು ಹೊಸದು ಎರಡೂ ಕೊಟ್ರೆ ಸರಿಹೋಗತ್ತೆ. ನೆನಪಿಲ್ದೇ ಇದ್ರೆ ಕೀಚೈನ್ ಆಕ್ಸೆಸ್‌ನ ಸೆಟ್ಟಿಂಗ್ಸ್‌ನಲ್ಲಿರೋ ರಿಸೆಟ್ ಡಿಫಾಲ್ಟ್ ಕೀಚೈನ್ಸ್ ಒತ್ತಬೇಕು, ಆದ್ರೆ ಆಗ ಖಾಲಿ ಹೊಸ ಕೀಚೈನ್ ಬರತ್ತೆ, ಸೋ ಅದನ್ನ ಒತ್ತೋ ಮುಂಚೆ ಪ್ರೈವೇಟ್ ಕೀ ಬೇರೆ ಎಲ್ಲಾದ್ರೂ ಪಿ12 ಆಗಿ ಇದ್ಯಾ ಅಂತ ನೋಡ್ಕೊಳಿ.