ಶೇಂಗಾ ಹೊಟ್ಟಿನ ಪೆನ್ನು

ಕಾಳಿನ ಸಿಪ್ಪೆಯನ್ನು ರೆಸಿನ್‌ನಲ್ಲಿ, ಅಂದರೆ ಹೊಯ್ದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವದಲ್ಲಿ ಕೂರಿಸಿ, ಲೇಥ್ ಅನ್ನುವ ತಿರುಗುವ ಯಂತ್ರದ ಮೇಲೆ ಕಡೆದು ಪೆನ್ನು ಮಾಡುತ್ತೇನೆ. ಅದು ಹೇಗೆ ಅಂತ ಹೇಳುವ ಮೊದಲು ಗೋಡಂಬಿ ಸಿಪ್ಪೆಯ ಕಥೆ ಹೇಳಿಬಿಡುತ್ತೇನೆ. ಖಾನಾಪುರದಲ್ಲಿ ನಮ್ಮ ಕಾಕಾನ ಬಡಗಿ ಕೆಲಸದ ಶೆಡ್ ಇದೆ. ಆ ಕಡೆ ಗೋಡಂಬಿ ಜಾಸ್ತಿ. ಒಮ್ಮೆ ಹೋದಾಗ ಒಂದು ಚೀಲ ಸಿಪ್ಪೆ ಪುಕ್ಕಟೆ ಸಿಕ್ಕಿತು ಅಂತ ಖುಷಿಯಿಂದ ಬೆಳಗಾವಿಗೆ ತಂದೆ. ಬರಿಗೈಯಲ್ಲಿ ಕೂತು ಮುರಿದೆ. ಎರಡು ದಿನಕ್ಕೆ ಬೆರಳ ತುಂಬ ಬೊಬ್ಬೆ. ಆ ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡುತ್ತದೆ. ಅದರ ಮೇಲೆ ರೆಸಿನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಗೋಡಂಬಿ ಬೇಡ.

ತೆಂಗಿನ ಚಿಪ್ಪು, ಅಕ್ರೋಟ್, ಪಿಸ್ತಾ ಎಲ್ಲವೂ ಚೆನ್ನ. ನನಗೆ ಮಾತ್ರ ಶೇಂಗಾ ಹೊಟ್ಟೇ ಇಷ್ಟ. ನಮ್ಮ ಮನೆಯಲ್ಲಿ ಚಟ್ನಿಪುಡಿಗೆ ವಾರಕ್ಕೊಮ್ಮೆ ಶೇಂಗಾ ಸುಲಿಯುತ್ತಾರೆ, ಹೊಟ್ಟಿಗೆ ಬರ ಇಲ್ಲ. ಕೈಯಲ್ಲಿ ಹಿಡಿದರೆ ಪುಡಿಯಾಗುವ ವಸ್ತು ಅದು. ರೆಸಿನ್‌ನೊಳಗೆ ಕೂತು ಕಡೆತಕ್ಕೆ ಸಿಕ್ಕರೆ ಒಂದೊಂದು ಸಿಪ್ಪೆಯೂ ತೆಳು ಹಳದಿ ಗೆರೆಯಾಗಿ, ಅರ್ಧಚಂದ್ರದ ಹಾಗೆ ಕಾಣಿಸುತ್ತದೆ. ಹೊರಮೈಯ ಬಲೆಯಂಥ ನರಗಳೂ ಅಲ್ಲಲ್ಲಿ ಉಳಿಯುತ್ತವೆ.

ನಾನು ಮಾಡುವ ಪೆನ್ನಿನ ಕೆಳಗಿನ ಅರ್ಧ ಮರ, ಮೇಲಿನ ಅರ್ಧ ಹೊಟ್ಟು. ಬರೆಯುವಾಗ ಬೆರಳಿಗೆ ಮರ ತಾಗಬೇಕು, ರೆಸಿನ್ ಬೆವರಿಗೆ ಜಾರುತ್ತದೆ. ಮರಕ್ಕೆ ಅಂತ ಕಾಡಿಗೆ ಹೋಗಬೇಕಿಲ್ಲ. ಹಳೇ ಮನೆ ಕೆಡವಿದಲ್ಲಿ ಸಾಗವಾನಿ ಚೌಕಟ್ಟಿನ ತುಂಡು ಕೇಳಿದರೆ ಕೊಡುತ್ತಾರೆ. ಹುಣಸೆ, ಜಾಲಿ, ಬೇವೂ ಆಗುತ್ತದೆ. ಹಳೇ ಮರವಾದರೆ ಒಂದು ಅಯಸ್ಕಾಂತ ಆಡಿಸಿ ನೋಡಿ. ಒಳಗೆ ಮುರಿದ ಮೊಳೆ ಇದ್ದರೆ ಉಳಿಯ ಬಾಯಿ ಹೋಯಿತು ಅಂತಲೇ ಲೆಕ್ಕ.

ಪೆನ್ನಿನ ಒಳಗಿನ ಭಾಗಗಳು ಕಿಟ್ ಆಗಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಹೊಸಬರು 7 ಮಿಲಿಮೀಟರ್‌ನ ಸ್ಲಿಮ್‌ಲೈನ್ ಕಿಟ್ ತಗೊಳ್ಳಿ. ಅದರಲ್ಲಿ ಸುಮಾರು 53 ಮಿಲಿಮೀಟರ್ ಉದ್ದದ ಎರಡು ಹಿತ್ತಾಳೆ ಕೊಳವೆ, ತುದಿ, ತಿರುಗಿಸುವ ಯಂತ್ರ, ನಡುವಿನ ಪಟ್ಟಿ, ಕ್ಲಿಪ್ಪು, ರೀಫಿಲ್ ಇರುತ್ತವೆ. ಕಡೆಯುವಾಗ ತುಂಡು ಪೋಣಿಸುವ ಸಲಾಕೆ ಅಂದರೆ ಮ್ಯಾಂಡ್ರೆಲ್, ಎಷ್ಟು ದಪ್ಪಕ್ಕೆ ನಿಲ್ಲಿಸಬೇಕು ಅಂತ ತೋರಿಸುವ ಉಂಗುರ ಅಂದರೆ ಬುಷ್, ಇವೆರಡನ್ನೂ ಬೇರೆ ಕೊಳ್ಳಬೇಕು.

ಈಗ ಒಣಗಿಸುವುದು. ಅರ್ಧ ಕೆಲಸ ಇದೇ. ಬೆಳಗಾವಿಯ ಜುಲೈ ಹೇಗಿರುತ್ತದೆ ಗೊತ್ತಲ್ವಾ, ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹೊಟ್ಟೂ ಹಾಗೇ, ಗಾಳಿಯ ತೇವ ಕುಡಿದು ಕೂತಿರುತ್ತದೆ. ನೋಡೋಕೆ ಒಣಗಿದಂತೆ ಇರುತ್ತದೆ, ರೆಸಿನ್ ಹಾಕಿದ ಮೇಲೆ ಮಬ್ಬು ಮಬ್ಬಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯವರು ಪುಣ್ಯವಂತರು, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹರವಿದರೆ ಮುಗಿಯಿತು. ನಾನು ಓಟಿಜಿ ಒಲೆಯಲ್ಲಿ 90–100 ಡಿಗ್ರಿಗೆ ಇಡುತ್ತೇನೆ. ಅರ್ಧ ಗಂಟೆಗೊಮ್ಮೆ ತೆಗೆದು ಅಡಿಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. 40 ಗ್ರಾಂ ಇದ್ದದ್ದು 38, ಆಮೇಲೆ 36. ಎರಡು ಸಲ ಅದೇ 36 ಬಂದರೆ ಒಣಗಿತು ಅಂತ ಅರ್ಥ. ಒಲೆ ಬಿಟ್ಟು ಟಿವಿ ಮುಂದೆ ಕೂರಬೇಡಿ, ಹೊಟ್ಟಿಗೆ ಬೆಂಕಿ ಹತ್ತಲು ಹೊತ್ತು ಬೇಕಿಲ್ಲ. ಬಿಸಿ ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಅಚ್ಚಿಗೆ ದುಡ್ಡು ಖರ್ಚು ಮಾಡಬೇಡಿ. ಪ್ಲೈವುಡ್ ಪಟ್ಟಿಯಿಂದ ಒಳಗೆ 75 ಮಿಲಿಮೀಟರ್ ಉದ್ದ, 22 ಅಗಲ, 22 ಆಳ ಬರುವ ಪೆಟ್ಟಿಗೆ ಮಾಡಿ. ಒಳಗೆಲ್ಲ ಪಾರ್ಸೆಲ್‌ಗೆ ಸುತ್ತುವ ಕಂದು ಟೇಪ್ ಹಚ್ಚಿ. ನಾನು ಬಳಸುವ ರೆಸಿನ್ ಎಪಾಕ್ಸಿ, ಅದು ಟೇಪಿಗೆ ಅಂಟುವುದಿಲ್ಲ. ಹೊಟ್ಟು ಹೋಗಿ ಉಳಿದ ಜಾಗಕ್ಕೆ ಒಂದು ಪೆನ್ನಿಗೆ 20–25 ಮಿಲಿಲೀಟರ್ ರೆಸಿನ್ ಸಾಕು. ಆದರೆ ಇಷ್ಟು ಕಡಿಮೆ ಅಳೆಯುವಾಗ ಅಳತೆ ಸ್ವಲ್ಪ ಆಚೀಚೆಯಾದರೂ ಸರಿಯಾಗಿ ಗಟ್ಟಿಯಾಗದೆ ಹೋಗಬಹುದು. ಅದಕ್ಕೇ ಮೂರು ಪೆಟ್ಟಿಗೆ ಒಟ್ಟಿಗೆ ಮಾಡಿ.

ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತಗೊಳ್ಳಿ. ರೆಸಿನ್ ಎಷ್ಟು, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಎಷ್ಟು ಅನ್ನುವುದು ಬಾಟಲಿ ಮೇಲೆ ಬರೆದಂತೆಯೇ ಇರಲಿ. ಅಳತೆಯಿಂದಲೋ ತೂಕದಿಂದಲೋ ಅನ್ನುವುದನ್ನೂ ಓದಿ, ಎರಡೂ ಒಂದಲ್ಲ. ಕೈಗವಸು ಹಾಕಿ, ಕಿಟಕಿ ತೆರೆದು, ಮೂರ್ನಾಲ್ಕು ನಿಮಿಷ ಮೆಲ್ಲಗೆ ಕಲಸಿ. ಮೊಟ್ಟೆ ಕಡೆದಂತೆ ಕಡೆದರೆ ಬರೀ ಗುಳ್ಳೆ.

ಹೊಟ್ಟು ಹಾಕುವುದರಲ್ಲಿ ಒಂದು ಸೂಕ್ಷ್ಮ ಇದೆ. ಅರ್ಧ ಸಿಪ್ಪೆ ಅಂದರೆ ಪುಟ್ಟ ದೋಣಿ. ಅದನ್ನು ಬೋರಲು ಹಾಕಿದರೆ ಒಳಗಿನ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಡೆಯುವಾಗ ಸರಿಯಾಗಿ ಅಲ್ಲೇ ಗುಳಿ ಬೀಳುತ್ತದೆ. ನಾನು ಸಿಪ್ಪೆಯನ್ನು ಎರಡು ಮೂರು ಚೂರು ಮಾಡಿ, ಮೊದಲೇ ರೆಸಿನ್‌ನಲ್ಲಿ ಹೊರಳಿಸಿ ಹತ್ತು ನಿಮಿಷ ಬಿಡುತ್ತೇನೆ. ಪೆಟ್ಟಿಗೆಗೆ ಸ್ವಲ್ಪ ರೆಸಿನ್ ಹೊಯ್ದು ಒಂದು ಪದರ ಹೊಟ್ಟು, ಮತ್ತೆ ರೆಸಿನ್, ಮತ್ತೆ ಹೊಟ್ಟು. ಕಡ್ಡಿಯಿಂದ ಒತ್ತಿದಾಗ ಗುಳ್ಳೆ ಬರುವುದು ನಿಲ್ಲುವವರೆಗೂ ಒತ್ತಿ. ಹೊಟ್ಟು ತೇಲುತ್ತದೆ, ಮೇಲೊಂದು ಟೇಪ್ ಸುತ್ತಿದ ಪಟ್ಟಿ ಇಟ್ಟು ಭಾರ ಹೇರಿ. ಪ್ರೆಶರ್ ಪಾಟ್ ಇದ್ದವರು ಅದರಲ್ಲಿಡುತ್ತಾರೆ, ಗಾಳಿಯ ಒತ್ತಡಕ್ಕೆ ಗುಳ್ಳೆ ಕಾಣದಷ್ಟು ಕುಗ್ಗುತ್ತವೆ. ನನ್ನ ಹತ್ತಿರ ಇಲ್ಲ. ಅಡಿಗೆಯ ಕುಕ್ಕರಿನಲ್ಲಿ ಗಾಳಿ ತುಂಬುವ ಸಾಹಸಕ್ಕೆ ಮಾತ್ರ ಹೋಗಬೇಡಿ.

ಎರಡು ಮೂರು ದಿನ ಮುಟ್ಟಬೇಡಿ. ಉಗುರು ಊರಿದರೆ ಗುರುತು ಬೀಳಬಾರದು.

ಇನ್ನು ತೂತು. ತುಂಡನ್ನು ಕೊಳವೆಗಿಂತ 10 ಮಿಲಿಮೀಟರ್ ಉದ್ದ ಇಟ್ಟುಕೊಂಡು 7 ಮಿಲಿಮೀಟರ್ ಬಿಟ್‌ನಿಂದ ಕೊರೆಯಿರಿ, ಆಚೆ ಬದಿಗೆ ತೂರಿಸಬೇಡಿ. ಬಿಟ್ ಹೊರಬರುವ ಕಡೆಯೇ ತುಂಡು ಸಿಡಿಯುವುದು. ತಳ ಮುಟ್ಟುವ ಮೊದಲು ನಿಲ್ಲಿಸಿ, ಆ ತುದಿಯನ್ನು ಗರಗಸದಿಂದ ಕೊಯ್ದರೆ ತೂತು ತಾನಾಗಿ ತೆರೆದುಕೊಳ್ಳುತ್ತದೆ. ಸ್ವಲ್ಪ ಕೊರೆಯಿರಿ, ಬಿಟ್ ಹೊರಗೆ ತೆಗೆಯಿರಿ, ಹುಡಿ ಊದಿ, ಮತ್ತೆ ಕೊರೆಯಿರಿ. ಬಿಸಿಯಾದರೆ ರೆಸಿನ್ ಮೆತ್ತಗಾಗಿ ಬಿಟ್ ಕಚ್ಚಿಕೊಳ್ಳುತ್ತದೆ.

ಕೊಳವೆ ಅಂಟಿಸುವ ಮೊದಲು ಅದಕ್ಕೆ ಕಪ್ಪು ಬಣ್ಣ ಬಳಿಯಿರಿ. ತೂತಿನ ಒಳಮೈಗೂ ಬಳಿಯಿರಿ. ಯಾಕೆ ಅಂದರೆ, ಕಡೆದು ಮುಗಿಸಿದಾಗ ತುದಿಯಲ್ಲಿ ಕೊಳವೆಯ ಮೇಲೆ ಉಳಿಯುವುದು ಒಂದು ಮಿಲಿಮೀಟರ್‌ಗಿಂತ ತೆಳುವಾದ ಪದರ. ಪಾರದರ್ಶಕ ರೆಸಿನ್‌ನಲ್ಲಿ ಹಿತ್ತಾಳೆ ಪಳಪಳ ಕಂಡರೆ ಹೊಟ್ಟಿನ ಗೆರೆಗಳೆಲ್ಲ ಸತ್ತು ಹೋಗುತ್ತವೆ. ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಬಣ್ಣ ಒಣಗಿದ ಮೇಲೆ ಅರಾಲ್ಡೈಟ್ ಹಚ್ಚಿ, ತಿರುಗಿಸುತ್ತ ತೂರಿಸಿ. ಮರದ ತುಂಡಿಗೆ ಬಣ್ಣ ಬೇಡ, ಕೊಳವೆಯನ್ನು ಪಾಲಿಶ್ ಪೇಪರಿನಿಂದ ಗೀರಿದರೆ ಸಾಕು. ಸಾಗವಾನಿಯಲ್ಲಿ ಎಣ್ಣೆ ಇರುತ್ತದೆ, ತೂತಿನೊಳಗೆ ಥಿನ್ನರ್ ಬಟ್ಟೆ ಆಡಿಸಿ ಒಣಗಿಸಿದ ಮೇಲೆ ಅಂಟಿಸಿ. ಮರುದಿನ ಎರಡೂ ತುದಿಯನ್ನು ಹಿತ್ತಾಳೆ ಕಾಣುವವರೆಗೆ ಸಮ ಮಾಡಿ.

ಲೇಥ್ ಮುಂದೆ ನಿಲ್ಲುವ ಮೊದಲು ನಾನು ವೇಲ್ ತೆಗೆದಿಡುತ್ತೇನೆ, ಬಳೆ ತೆಗೆಯುತ್ತೇನೆ, ಜಡೆ ಸುತ್ತಿ ಕಟ್ಟುತ್ತೇನೆ. ಇಲ್ಲಿ ಕೈಗವಸು ಬೇಡ, ಸುತ್ತಿಕೊಂಡರೆ ಕೈಯನ್ನೇ ಎಳೆಯುತ್ತದೆ. ಕನ್ನಡಕ, ಮಾಸ್ಕ್ ಬೇಕೇಬೇಕು.

ನಾನು ಐಟಿಐನಲ್ಲಿ ಕಲಿತದ್ದು ಕಬ್ಬಿಣದ ಲೇಥ್. ಅಲ್ಲಿ ಒತ್ತಿ ಕಡೆಯುವುದೇ ಅಭ್ಯಾಸ. ಮೊದಲ ಹೊಟ್ಟಿನ ತುಂಡಿಗೂ ಹಾಗೇ ಉಳಿ ಒತ್ತಿದೆ, ಚೂರಾಗಿ ಗೋಡೆಗೆ ಹಾರಿತು. ಕಾಕಾ ಪಕ್ಕದಲ್ಲೇ ನಿಂತಿದ್ದ. "ಯವ್ವಾ, ಅದು ಕಬ್ಬಿಣ ಅಲ್ಲ. ಹಗೂರ ಹಿಡಿ, ಉಳಿಗೆ ತಿನ್ನಾಕ ಬಿಡು" ಅಂದ. ಆಮೇಲೆ ಹರಿತದ ಬೆಲೆ ಗೊತ್ತಾಯಿತು. ಉಳಿ ಚೂಪಾಗಿದ್ದರೆ ರೆಸಿನ್ ಶಾವಿಗೆ ಎಳೆಯಂತೆ ಸುರುಳಿ ಸುರುಳಿ ಬರುತ್ತದೆ. ಪುಡಿ ಉದುರತೊಡಗಿದರೆ ನಿಲ್ಲಿಸಿ, ಮತ್ತೆ ಸಾಣೆ ಹಿಡಿಯಿರಿ. ಬುಷ್‌ಗೆ ಇನ್ನು ಕೂದಲೆಳೆಯಷ್ಟು ಇದೆ ಅನ್ನುವಾಗ ಉಳಿ ಕೆಳಗಿಟ್ಟು ಪಾಲಿಶ್ ಪೇಪರ್ ಹಿಡಿಯಿರಿ. ನಡುವೆ ಗುಳಿ ಕಂಡರೆ ಒಂದು ಹನಿ ಫೆವಿಕ್ವಿಕ್, ಅದರ ಮೇಲೆ ಅದೇ ಹೊಟ್ಟಿನ ಪುಡಿ.

ಪಾಲಿಶ್ ಪೇಪರ್ 220 ನಂಬರಿನಿಂದ ಶುರು ಮಾಡಿ 320, 400, 600. ರೆಸಿನ್‌ಗೆ ಅಲ್ಲಿಂದ ಮುಂದೆ ನೀರು ಹಚ್ಚಿ 2000ದವರೆಗೆ. ಒಂದು ನಂಬರ್ ಬಿಟ್ಟರೂ ಬಿಸಿಲಿಗೆ ಹಿಡಿದಾಗ ಗೀರು ಕಾಣುತ್ತದೆ. ಮರಕ್ಕೆ ನೀರು ತಾಗಿಸಬೇಡಿ, ಅರಗಿನ ಪಾಲಿಶ್ ಸಾಕು. ಕೆಲವರು ಮರದ ಮೇಲೂ ಫೆವಿಕ್ವಿಕ್ ಜಾತಿಯ ಅಂಟು ಹಚ್ಚಿ ಗಾಜಿನಂತೆ ಹೊಳೆಯಿಸುತ್ತಾರೆ. ಆಗ ಮರ ಮುಟ್ಟಿದ ಹಾಗೇ ಇರುವುದಿಲ್ಲ, ನನಗೆ ಸೇರುವುದಿಲ್ಲ. ನೀವು ಮಾಡುವುದಾದರೆ ಟಿಶ್ಯೂ ಪೇಪರ್ ಬಳಸಿ. ಹತ್ತಿ ಬಟ್ಟೆಗೆ ಆ ಅಂಟು ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಜೋಡಿಸಲು ಬೆಂಚ್ ವೈಸ್, ಅಂದರೆ ತಿರುಪು ತಿರುಗಿಸಿ ಬಿಗಿಯುವ ಹಿಡಿಕೆ ಸಾಕು, ಅದರ ಬಾಯಿಗೆ ಎರಡು ಮರದ ತುಂಡು ಇಡಿ. ಮರದ ಅರ್ಧಕ್ಕೆ ಮೊದಲು ತುದಿ ಒತ್ತಿ, ಇನ್ನೊಂದು ಕಡೆಯಿಂದ ತಿರುಗಿಸುವ ಯಂತ್ರ. ಇದನ್ನು ಒಂದೇ ಏಟಿಗೆ ಒತ್ತಬೇಡಿ. ಸ್ವಲ್ಪ ಒತ್ತಿ, ರೀಫಿಲ್ ಹಾಕಿ, ತಿರುಗಿಸಿ ನೋಡಿ, ಮತ್ತೆ ಸ್ವಲ್ಪ ಒತ್ತಿ. ಒತ್ತಿದ್ದು ವಾಪಸ್ ಬರುವುದಿಲ್ಲ. ಜಾಸ್ತಿ ಒತ್ತಿದರೆ ರೀಫಿಲ್ ಮುಖ ಹೊರಗೇ ನಿಲ್ಲುತ್ತದೆ, ಎಷ್ಟು ತಿರುಗಿಸಿದರೂ ಒಳಗೆ ಹೋಗುವುದಿಲ್ಲ. ಅಂಥವು ನನ್ನ ಹತ್ತಿರ ಮೂರಿವೆ. ಒಂದನ್ನು ಕ್ಯಾಲೆಂಡರ್‌ಗೆ ದಾರ ಕಟ್ಟಿ ನೇತುಹಾಕಿದ್ದೇವೆ, ಹಾಲಿನ ಲೆಕ್ಕ ಬರೆಯೋಕೆ.