ಅತ್ತೆಗೆ ಎರವಲು ತಂದ ಬ್ಯಾಟರಿ ಗಾಡಿ

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾರೆ. ಉಡುಪಿಯ ರಥಬೀದಿಯಲ್ಲಿ ಒಂದು ಸುತ್ತು ಬರುವಷ್ಟು ಮಾತ್ರ ಮಂಡಿ ಕೇಳುವುದಿಲ್ಲ. ವೀಲ್‌ಚೇರ್ ಎಂದರೆ ಮುಖ ಗಂಟಿಕ್ಕುತ್ತಾರೆ. "ನನ್ನನ್ನು ಯಾರೂ ದೂಡುವುದು ಬೇಡ ಮಾರಾಯ" ಎನ್ನುತ್ತಾರೆ. ಹಾಗಾಗಿ ಅವರೇ ಓಡಿಸುವ ಮೊಬಿಲಿಟಿ ಸ್ಕೂಟರ್, ಅಂದರೆ ನಡೆಯಲು ಕಷ್ಟವಿರುವವರು ಕೂತು ಓಡಿಸುವ ಪುಟ್ಟ ಬ್ಯಾಟರಿ ಗಾಡಿ ಹುಡುಕಿದೆ.

ಅಪರೂಪಕ್ಕೆ ಬೇಕಾಗುವ ವಸ್ತು, ಹೊಸದು ಯಾಕೆ? ಪರಿಚಯದವರೊಬ್ಬರು ಮುಂಬೈಯಿಂದ ತಂದದ್ದು ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಕೇಳಿದ ಕೂಡಲೇ ಕೊಟ್ಟರು.

ಎರವಲು ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಬ್ಯಾಟರಿ. ಇದರಲ್ಲಿ ಇದ್ದದ್ದು 12 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿ. ಇಂಥವು ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಸೊರಗುತ್ತವೆ. ನಿಂತಲ್ಲೇ ಮೀಟರಿನ ಮುಳ್ಳು ಹಸಿರು ತೋರಿಸಿದರೆ ನಂಬಬೇಡಿ. ರಾತ್ರಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ನಾನೇ ಕೂತು ಮನೆ ಹತ್ತಿರದ ಸಣ್ಣ ಏರು ಹತ್ತಿಸಿದೆ. ಮುಳ್ಳು ಸ್ವಲ್ಪವೇ ಇಳಿಯಿತು. ಸರ್ರನೆ ಬಿದ್ದಿದ್ದರೆ ಗಾಡಿ ವಾಪಸ್ ಹೋಗುತ್ತಿತ್ತು. ನಡುವೆ ಬ್ಯಾಟರಿ ಕೈಕೊಟ್ಟರೆ ಖರ್ಚು ಯಾರದು ಎಂದೂ ಮೊದಲೇ ಮಾತಾಡಿಕೊಂಡೆವು. ಗುರುತಿನವರ ಜೊತೆ ಇಂಥ ಮಾತು ಮುಜುಗರವೇ, ಆದರೂ ಆಡಿಬಿಡಬೇಕು.

ಹಿಂದಿನ ಚಕ್ರದ ಬಳಿ ಒಂದು ಲಿವರ್ ಇರುತ್ತದೆ. ಅದನ್ನು ಬಿಡಿಸಿದರೆ ಗಾಡಿಯನ್ನು ಕೈಯಲ್ಲಿ ದೂಡಬಹುದು. ಆದರೆ ಆಗ ಬ್ರೇಕೂ ಹಿಡಿಯುವುದಿಲ್ಲ, ಇಳಿಜಾರಿನಲ್ಲಿ ಸುಮ್ನೆ ಜಾರುತ್ತದೆ. ಹಿರಿಯರನ್ನು ಕೂರಿಸುವ ಮೊದಲು ಅದನ್ನು ಪ್ರತಿ ಸಲ ನೋಡಿ.

ಇನ್ನು ಕಲಿಸುವುದು. ಇದರಲ್ಲಿ ಹಿಡಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೇಳಲು ಸುಲಭ ಅಲ್ವಾ? ಆದರೆ ಜೀವಮಾನವಿಡೀ ಸಿಟಿ ಬಸ್ಸಿನಲ್ಲಿ ಓಡಾಡಿದವರು ಹೆದರಿದಾಗ ಏನು ಮಾಡುತ್ತಾರೆ? ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಇಲ್ಲಿ ಗಟ್ಟಿ ಹಿಡಿದರೆ ಗಾಡಿ ಮುಂದೆ ನುಗ್ಗುತ್ತದೆ. ಅದಕ್ಕೇ ಅಂಗಳದಲ್ಲಿ ತಿರುಗಿಸುವುದು, ಹಿಂದಕ್ಕೆ ತರುವುದು ಎಲ್ಲ ಆಮೇಲೆ ಎಂದು ಬದಿಗಿಟ್ಟು, ಒಂದನ್ನೇ ಹೇಳಿಕೊಟ್ಟೆ. "ಅತ್ತೆ, ಹೆದರಿಕೆಯಾದರೆ ಕೈ ಬಿಡಿ." ನಾನು ಎದುರಿಗೆ ಹಠಾತ್ತನೆ ಬಂದು ನಿಲ್ಲುವುದು, ಅವರು ಕೈ ಬಿಡುವುದು. ಬೇಸರ ಬರುವಷ್ಟು ಮಾಡಿದೆವು. ವೇಗದ ಗುಂಡಿಯ ಒಂದು ಬದಿ ಆಮೆ, ಇನ್ನೊಂದು ಬದಿ ಮೊಲದ ಚಿತ್ರ. ಆಮೆಯಿಂದ ಆಚೆ ಹೋಗಲು ಬಿಡಲಿಲ್ಲ.

ಮಲ್ಪೆ ಬೀಚಿಗೂ ಹೋಗುವ ಆಸೆ ಅವರಿಗಿತ್ತು. ಮರಳಿನಲ್ಲಿ ಈ ಪುಟ್ಟ ಚಕ್ರ ಹೂತುಹೋಗುತ್ತದೆ, ಉಪ್ಪು ನೀರು ಮೋಟಾರಿಗೆ ಆಗುವುದಿಲ್ಲ. ರಥಬೀದಿಯೇ ಸರಿ. ಅಷ್ಟಮಠಗಳ ನಡುವೆ ಸಮತಟ್ಟಾದ ಸುತ್ತು, ಬಸ್ಸು ಲಾರಿಗಳ ಗಲಾಟೆ ಇಲ್ಲ. ಮಳೆ ಮುಗಿದ ಮೇಲೆ, ರಥ ಎಳೆಯುವ ಜನಸಂದಣಿಗೆ ಮೊದಲೇ ಹೋದೆವು. ಸೀಟು, ಬ್ಯಾಟರಿ ಪೆಟ್ಟಿಗೆ ಬೇರೆ ಬೇರೆ ಮಾಡಿದರೆ ಕಾರಿನ ಡಿಕ್ಕಿಗೆ ಹಿಡಿಯುತ್ತದೆ. ಮೋಟಾರಿರುವ ಹಿಂದಿನ ತುಂಡು ಎತ್ತಲು ಮಾತ್ರ ಇಬ್ಬರು ಬೇಕು.

ಅತ್ತೆ ನನ್ನನ್ನು ಪಕ್ಕದಲ್ಲಿ ನಡೆಸಿಕೊಂಡೇ ಸುತ್ತಿದರು. ಅನಂತೇಶ್ವರ ದೇವಸ್ಥಾನದ ಎದುರು ಕೈ ಮುಗಿಯಲು ಹಿಡಿ ಬಿಟ್ಟರು, ಗಾಡಿ ತಾನೇ ನಿಂತಿತು. ಮಲ್ಲಿಗೆಯವಳ ಹತ್ತಿರ ಕೂತಲ್ಲಿಂದಲೇ ಚೌಕಾಶಿ ಮಾಡಿ ಒಂದು ಚೆಂಡು ಮಲ್ಲಿಗೆ ಕೊಂಡರು.

ವಾಪಸ್ ಕೊಡುವಾಗ ಒರೆಸಿ, ಪೂರ್ತಿ ಚಾರ್ಜ್ ಮಾಡಿ ಕೊಟ್ಟೆ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ ಎಂದು ಆ ಮನೆಯವರಿಗೆ ಹೇಳಿದೆ. "ಹಾಗಾದರೆ ನಿಮ್ಮಲ್ಲೇ ಇರಲಿ, ನಮಗೆ ಬೇಕಾದಾಗ ಕೇಳುತ್ತೇವೆ" ಎಂದರು. ಈಗ ನಮ್ಮ ಜಗಲಿಯಲ್ಲಿದೆ.