ಸಿಂಪ್ಸನ್ಸ್ ಹಳೆಯ ಎಪಿಸೋಡುಗಳು: ಚಿತ್ರದ ಅಳತೆ ಸರಿಮಾಡಿಕೊಳ್ಳಿ, ಆಮೇಲೆ ಪ್ಲೇ ಒತ್ತಿ

ಅಮೆರಿಕದ ಕಾರ್ಟೂನ್ ಸರಣಿ ‘ದಿ ಸಿಂಪ್ಸನ್ಸ್’ನ 4ನೇ ಸೀಸನ್ನಿನ ‘ಡಫ್‌ಲೆಸ್’ ಎಪಿಸೋಡಿನಲ್ಲಿ ಬಿಯರ್ ಕಾರ್ಖಾನೆಯ ದೃಶ್ಯವಿದೆ. ಡಫ್, ಡಫ್ ಲೈಟ್, ಡಫ್ ಡ್ರೈ ಎಂದು ಬೇರೆಬೇರೆ ಹೆಸರಿನ ಮೂರು ದೊಡ್ಡ ಟ್ಯಾಂಕುಗಳು. ಮೇಲಕ್ಕೆ ಕಣ್ಣು ಹಾಯಿಸಿದರೆ ಮೂರಕ್ಕೂ ಬಿಯರ್ ಬರುವುದು ಒಂದೇ ಪೈಪಿನಿಂದ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಜೋಕೆಲ್ಲ ಆ ಪೈಪಿನಲ್ಲೇ ಇದೆ. 2019ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ ಅಲ್ಲಿದ್ದ ಪ್ರತಿಯಲ್ಲಿ ಪೈಪೇ ಇರಲಿಲ್ಲ. ಅಗಲದ ಟಿವಿಗೆ ಹೊಂದಿಸಲು ಚಿತ್ರದ ಮೇಲೂ ಕೆಳಗೂ ಕತ್ತರಿಸಿಬಿಟ್ಟಿದ್ದರು.

ಈ ಸರಣಿ 1989ರ ಡಿಸೆಂಬರ್ 17ರಿಂದ 2009ರ ಫೆಬ್ರುವರಿವರೆಗೆ ತಯಾರಾದದ್ದು 4:3 ಅಳತೆಯಲ್ಲಿ (ಅಗಲ 4 ಪಾಲಾದರೆ ಎತ್ತರ 3 ಪಾಲು). ಅಂದರೆ ಮೊದಲ 19 ಸೀಸನ್ ಪೂರ್ತಿ, 20ನೇ ಸೀಸನ್ನಿನ ಮೊದಲ 9 ಎಪಿಸೋಡು. 2009ರ ಫೆಬ್ರುವರಿ 15ರ ‘ಟೇಕ್ ಮೈ ಲೈಫ್, ಪ್ಲೀಸ್’ನಿಂದ ಈಗಿನ ಅಗಲದ ಟಿವಿಗಳ 16:9 ಬಂತು. 4:3 ಚಿತ್ರವನ್ನು ಕತ್ತರಿಸಿ 16:9 ಮಾಡಿದರೆ ಎತ್ತರದಲ್ಲಿ ಸರಿಯಾಗಿ ಕಾಲು ಭಾಗ ಹೋಗುತ್ತದೆ. ಅಂಗಡಿ ಬೋರ್ಡು, ಗೋಡೆ ಬರಹ, ಕೈಯಲ್ಲಿ ಹಿಡಿದ ಪತ್ರಿಕೆಯ ತಲೆಬರಹಗಳ ಮೇಲೇ ಅರ್ಧ ಹಾಸ್ಯ ನಿಂತಿರುವ ಕಾರ್ಟೂನಿನಲ್ಲಿ ಇದು ಸಣ್ಣ ನಷ್ಟವಲ್ಲ.

ದೂರು ಜಾಸ್ತಿಯಾದ ಮೇಲೆ 2020ರ ಮೇ 28ರಂದು ಡಿಸ್ನಿ ಪ್ಲಸ್ ಮೂಲ ಅಳತೆಯನ್ನೂ ಸೇರಿಸಿತು. ಸರಣಿಯ ಪುಟಕ್ಕೆ ಹೋಗಿ ‘ಡೀಟೇಲ್ಸ್’ ತೆರೆದು ‘ರಿಮಾಸ್ಟರ್ಡ್ ಆಸ್ಪೆಕ್ಟ್ ರೇಷಿಯೊ’ ಎಂಬ ಗುಂಡಿಯನ್ನು ಆಫ್ ಮಾಡಿ. ರಿಮಾಸ್ಟರ್ಡ್ ಎಂದರೆ ಒಳ್ಳೆಯದಿರಬೇಕು ಎಂದುಕೊಂಡು ಆನ್ ಇಟ್ಟವರಿಗೆ ಸಿಗುವುದು ಕತ್ತರಿಸಿದ ಪ್ರತಿ.

ಬೇರೆ ಆ್ಯಪ್, ಬೇರೆ ದೇಶ, ಕೇಬಲ್ ಟಿವಿ ಆದರೆ ಕಣ್ಣಿನಲ್ಲೇ ಪರೀಕ್ಷಿಸಿ. ಹಾಲ್‌ನಲ್ಲಿ ಸಿಂಪ್ಸನ್ ಮನೆಯ ತಾಯಿ ಮಾರ್ಜ್ ನಿಂತಿರುವ ದೃಶ್ಯಗಳಲ್ಲಿ ವಿಡಿಯೊ ನಿಲ್ಲಿಸಿ. ಅವಳ ನೀಲಿ ಕೂದಲಿನ ತುದಿ ಮತ್ತೆ ಮತ್ತೆ ಪರದೆಯಾಚೆ ಹೋಗುತ್ತಿದ್ದರೆ ಚಿತ್ರ ಕತ್ತರಿಸಿದ್ದು. ಕೂದಲು ಪೂರ್ತಿ ಕಾಣುತ್ತಿದೆ, ಆದರೆ ಅವಳ ಗಂಡ ಹೋಮರ್‌ನ ಗುಂಡು ಕಣ್ಣು ಅಡ್ಡಡ್ಡ ಮೊಟ್ಟೆಯಂತಿದೆ ಎಂದರೆ ಚಿತ್ರವನ್ನು ಎಳೆದು ಅಗಲ ಮಾಡಲಾಗಿದೆ. ಎರಡನೆಯದಕ್ಕೆ ಬಹುಪಾಲು ನಿಮ್ಮ ಟಿವಿಯೇ ಕಾರಣ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ವೈಡ್’, ‘ಜೂಮ್’ ತೆಗೆದು ‘ಆಟೊ’ ಅಥವಾ ‘ಒರಿಜಿನಲ್’ಗೆ ಬದಲಿಸಿ. ಸರಿಯಾದ ಚಿತ್ರದಲ್ಲಿ ಎಡಬಲಕ್ಕೆ ಕಪ್ಪು ಪಟ್ಟಿ ಇರಲೇಬೇಕು. ಅದನ್ನು ನೋಡಿ ಟಿವಿ ಕೆಟ್ಟಿದೆ ಎಂದು ಮನೆಯವರು ರಿಮೋಟ್ ಒತ್ತದಂತೆ ನೋಡಿಕೊಳ್ಳಿ.

ಇನ್ನೆರಡು ಸೆಟ್ಟಿಂಗ್. ಆಟೊಪ್ಲೇ ಆಫ್ ಮಾಡಿ, ಇಲ್ಲದಿದ್ದರೆ ಮುಂದಿನ ಎಪಿಸೋಡಿನ ಚೌಕ ಬಂದು ಕೊನೆಯ ಹೆಸರುಗಳನ್ನು ಮುಚ್ಚುತ್ತದೆ. ಹ್ಯಾಲೋವೀನ್ ಎಪಿಸೋಡುಗಳಲ್ಲಿ ಆ ಹೆಸರುಗಳೇ ತಮಾಷೆ, ತಂಡದವರೆಲ್ಲ ತಮ್ಮ ಹೆಸರನ್ನು ಭಯಾನಕವಾಗಿ ತಿರುಚಿಕೊಂಡಿರುತ್ತಾರೆ. ‘ಸ್ಕಿಪ್ ಇಂಟ್ರೊ’ ಕೂಡ ಒತ್ತಬೇಡಿ. ಕರಿಹಲಗೆಯ ಮೇಲೆ ಮಗ ಬಾರ್ಟ್ ಬರೆಯುವ ಸಾಲು, ಕೊನೆಗೆ ಸೋಫಾ ಮೇಲೆ ಆಗುವ ಎಡವಟ್ಟು ಮತ್ತೆ ಮತ್ತೆ ಬದಲಾಗುತ್ತವೆ. ಹಳೆಯ ಶೀರ್ಷಿಕೆ ದೃಶ್ಯದಲ್ಲಿ ಅಂಗಡಿಯ ಕ್ಯಾಷ್ ಕೌಂಟರಿನಲ್ಲಿ ಮಗು ಮ್ಯಾಗಿಯನ್ನೂ ಸ್ಕ್ಯಾನ್ ಮಾಡಿದಾಗ ಯಂತ್ರದ ಮೇಲೆ 847.63 ಡಾಲರ್ ಎಂದು ಬರುತ್ತದೆ. ವಿಡಿಯೊ ನಿಲ್ಲಿಸಿದರೆ ಮಾತ್ರ ಓದಲು ಸಿಕ್ಕೀತು.

ಎಲ್ಲಿಂದ ಶುರು ಮಾಡುವುದು? 1ನೇ ಸೀಸನ್ನಿನಿಂದ ಬೇಡ. ಅದರಲ್ಲಿರುವುದು 13 ಎಪಿಸೋಡು. ಗೆರೆ ಇನ್ನೂ ಪಳಗಿಲ್ಲ, ಹೋಮರ್‌ನ ದನಿಯೂ ಆಮೇಲಿನದಲ್ಲ. ಮೊದಲು ಪ್ರಸಾರವಾಗಬೇಕಿದ್ದ ‘ಸಮ್ ಎನ್‌ಚಾಂಟೆಡ್ ಈವ್ನಿಂಗ್’ನ ಅನಿಮೇಷನ್ ಎಷ್ಟು ಕೆಟ್ಟಿತ್ತೆಂದರೆ, ಬಹುಪಾಲು ಮತ್ತೆ ಮಾಡಿಸಿ 1990ರ ಮೇ 13ಕ್ಕೆ, ಸೀಸನ್ನಿನ ಕಟ್ಟಕಡೆಗೆ ಹಾಕಿದರು. ಹೊಸಬರು ಮೊದಲು ಈ ಮೂರನ್ನು ನೋಡಲಿ: 2ನೇ ಸೀಸನ್ನಿನ ‘ಲೀಸಾಸ್ ಸಬ್‌ಸ್ಟಿಟ್ಯೂಟ್’, 4ನೇ ಸೀಸನ್ನಿನ ‘ಮಾರ್ಜ್ ವರ್ಸಸ್ ದ ಮಾನೊರೈಲ್’ ಮತ್ತು ‘ಲಾಸ್ಟ್ ಎಕ್ಸಿಟ್ ಟು ಸ್ಪ್ರಿಂಗ್‌ಫೀಲ್ಡ್’. ಮೊದಲನೆಯದು ಅಪ್ಪ–ಮಗಳ ಸಂಬಂಧ, ಎರಡನೆಯದು ಊರಿಗೆ ಊರೇ ಮೋಸಹೋಗುವ ಕಥೆ, ಮೂರನೆಯದು ಹಲ್ಲಿನ ಚಿಕಿತ್ಸೆಯ ಸೌಲಭ್ಯಕ್ಕಾಗಿ ಕಾರ್ಮಿಕರ ಮುಷ್ಕರ. ಈ ಮೂರೂ ಹಿಡಿಸದಿದ್ದರೆ ಮುಂದಿನ ಸೀಸನ್ನುಗಳ ಗೋಜಿಗೆ ಹೋಗಬೇಕಿಲ್ಲ. ಹಿಡಿಸಿದರೆ 3ನೆಯದರಿಂದ 8ನೆಯದರವರೆಗೆ ಸಾಲಾಗಿ ನೋಡಿ, ಆಮೇಲೆ ಹಿಂದಕ್ಕೆ ಬನ್ನಿ.

ಒಂದೇ ಒಂದು ಎಚ್ಚರ, ‘ಹೋಮರ್ಸ್ ಎನಿಮಿ’ಯನ್ನು (8ನೇ ಸೀಸನ್) ಬೇಗ ನೋಡಬೇಡಿ. ಹೋಮರ್‌ನ ಸೋಮಾರಿತನಕ್ಕೂ ಅದೃಷ್ಟಕ್ಕೂ ನಾವು ಹೊಂದಿಕೊಂಡಾದ ಮೇಲೆ, ನಿಜವಾಗಿ ಕಷ್ಟಪಟ್ಟು ಮೇಲೆ ಬಂದ ಫ್ರ್ಯಾಂಕ್ ಗ್ರೈಮ್ಸ್ ಎಂಬವನು ಅದನ್ನೆಲ್ಲ ನೋಡಿ ತಲೆಕೆಡಿಸಿಕೊಳ್ಳುತ್ತಾನೆ. ಹೋಮರ್ ಪರಿಚಯವೇ ಇಲ್ಲದವರಿಗೆ ಅದು ಬರೀ ಕ್ರೂರವಾಗಿ ಕಾಣುತ್ತದೆ.

ಉಳಿದಂತೆ ಕ್ರಮ ಅಷ್ಟು ಮುಖ್ಯವಲ್ಲ, ಮಕ್ಕಳ ವಯಸ್ಸೇ ಏರುವುದಿಲ್ಲ. ಆದರೆ ಕೆಲವು ಬದಲಾವಣೆ ಉಳಿದುಕೊಳ್ಳುತ್ತವೆ. ‘ಹೂ ಶಾಟ್ ಮಿಸ್ಟರ್ ಬರ್ನ್ಸ್’ನ ಮೊದಲ ಭಾಗ 6ನೇ ಸೀಸನ್ನಿನ ಕೊನೆಗಿದೆ, ಎರಡನೆಯದು 7ನೆಯದರ ಮೊದಲಿಗೆ. ಖಳನಾಯಕ ಸೈಡ್‌ಶೋ ಬಾಬ್ ಕಥೆಗಳನ್ನು ‘ಕ್ರಸ್ಟಿ ಗೆಟ್ಸ್ ಬಸ್ಟೆಡ್’, ‘ಬ್ಲ್ಯಾಕ್ ವಿಡೋವರ್’, ‘ಕೇಪ್ ಫಿಯರ್’ ಎಂಬ ಕ್ರಮದಲ್ಲೇ ನೋಡಿ. ಅಂಗಡಿ ನಡೆಸುವ ಭಾರತೀಯ ಅಪುವಿಗೆ ಹಿರಿಯರು ಗೊತ್ತುಮಾಡಿದ ಮಂಜುಳಾ ಜೊತೆ 9ನೇ ಸೀಸನ್ನಿನಲ್ಲಿ ಮದುವೆ, 11ನೆಯದರಲ್ಲಿ ಎಂಟು ಮಕ್ಕಳು. ಅಪುವಿನ ಉಚ್ಚಾರಣೆ ಅಮೆರಿಕದ ಭಾರತೀಯರಲ್ಲಿ ಹಲವರಿಗೆ ನೋವುಂಟುಮಾಡಿದೆ. ದನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ 2020ರಲ್ಲಿ ಆ ಪಾತ್ರ ಬಿಟ್ಟರು.

ಎಪಿಸೋಡಿನ ನಂಬರು ನಂಬಿ ಹುಡುಕಿದರೆ ತಪ್ಪುತ್ತದೆ, ಹೆಸರಿನಿಂದಲೇ ಹುಡುಕಿ. ಮೈಕಲ್ ಜಾಕ್ಸನ್ ದನಿಯಿದ್ದ ‘ಸ್ಟಾರ್ಕ್ ರೇವಿಂಗ್ ಡ್ಯಾಡ್’ 3ನೇ ಸೀಸನ್ನಿನ ಮೊದಲ ಎಪಿಸೋಡು. 2019ರಲ್ಲಿ ನಿರ್ಮಾಪಕರೇ ಅದನ್ನು ಹಿಂತೆಗೆದುಕೊಂಡರು, ಹಳೆಯ ಡಿವಿಡಿಯಲ್ಲಿ ಮಾತ್ರ ಉಳಿದಿದೆ. ಪಟ್ಟಿಗಳಲ್ಲಿ ಅದರ ಮುಂದೆ 7ಎಫ್24 ಎಂಬ ತಯಾರಿಕೆ ಸಂಖ್ಯೆ ಕಾಣುತ್ತದೆ. 7ಎಫ್ ಎಂದರೆ 2ನೇ ಸೀಸನ್ನಿನ ತಂಡ ಮಾಡಿದ್ದು, 8ಎಫ್ 3ನೆಯದರದು. ಒಂದು ಎಪಿಸೋಡಿನ ಅನಿಮೇಷನ್‌ಗೇ ತಿಂಗಳುಗಟ್ಟಲೆ ಹಿಡಿಯುವುದರಿಂದ ಹಿಂದಿನ ಸೀಸನ್ನಿನ ಜೊತೆ ಮಾಡಿದ ಒಂದೆರಡು ಮುಂದಿನ ಸೀಸನ್ನಿಗೆ ಉಳಿಯುತ್ತವೆ. 4, 5ನೇ ಸೀಸನ್ನುಗಳ ಮೊದಲ ಎಪಿಸೋಡುಗಳೂ ಹೀಗೆ ಉಳಿದವೇ.

ಕೊನೆಗೆ ಅವಧಿ. ಪೂರ್ತಿ ಎಪಿಸೋಡು 22–23 ನಿಮಿಷದ ಆಸುಪಾಸು ಇರುತ್ತದೆ. ಮರುಪ್ರಸಾರದ ಪ್ರತಿಗಳಲ್ಲಿ ಹೆಚ್ಚು ಜಾಹೀರಾತಿಗೆ ಜಾಗ ಮಾಡಲು ದೃಶ್ಯಗಳನ್ನು ತೆಗೆದಿರುತ್ತಾರೆ. ಮೊದಲು ಕತ್ತರಿ ಬೀಳುವುದು ಕಥೆಗೆ ಬೇಡದ ದೃಶ್ಯಕ್ಕೆ, ಈ ಸರಣಿಯಲ್ಲಾದರೋ ಅಂಥವೇ ಚೆನ್ನಾಗಿರುತ್ತವೆ. ‘ಕೇಪ್ ಫಿಯರ್’ ಅವಧಿಗೆ ಸಾಲದೆ ಹೋದಾಗ ಸೈಡ್‌ಶೋ ಬಾಬ್ ಕಸಬಾಚುವ ಹಲ್ಲುಕೋಲನ್ನು ತುಳಿದು ಮುಖಕ್ಕೆ ಹೊಡೆಸಿಕೊಳ್ಳುವುದನ್ನು ಒಂಬತ್ತು ಸಲ ತೋರಿಸಿದರು. ನಿಮ್ಮ ಪ್ರತಿಯಲ್ಲಿ ಎಷ್ಟು ಸಲ ಬೀಳುತ್ತದೆ, ಎಣಿಸಿ. ಬ್ರಿಟನ್ನಿನ ಪಾಲ್ (ಅಲ್ಲಿನ ಟಿವಿ ಮಾದರಿ) ಡಿವಿಡಿಗೆ ಮಾತ್ರ ಅವಧಿಯ ಲೆಕ್ಕ ಬೇರೆ. ಅದು ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡುವುದರಿಂದ ಸುಮಾರು 4 ಶೇಕಡಾ ಬೇಗ ಮುಗಿಯುತ್ತದೆ, ಕತ್ತರಿ ಬಿದ್ದದ್ದಲ್ಲ. ಡಿವಿಡಿಗಳಿಗೆ ರೀಜನ್ ಎಂಬ ಪ್ರದೇಶವಾರು ಬೀಗವಿರುತ್ತದೆ: ಅಮೆರಿಕದಿಂದ ತರಿಸುವ ಡಿಸ್ಕು ರೀಜನ್ 1, ಭಾರತದ ಪ್ಲೇಯರ್ ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ದುಡ್ಡು ದಂಡ.